ತೊಮಿಯಸು ಚರಿತ್ರೆಯ ನೂರ ಹನ್ನೆರಡನೆಯ ಪುಟ

ತೊಮಿಯಸು ಯೂಗಿ ಸಂಸ್ಥೆಯು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಯಾವುದೇ ತಪ್ಪನ್ನು ಮಾಡಿರುವುದಿಲ್ಲ.

ಇದು ಸಂಸ್ಥೆಯ ಅರವತ್ತು ವರ್ಷಗಳ ಚರಿತ್ರೆಯ ಮೊದಲ ವಾಕ್ಯ. ಬರೆದವಳು ನಾನು, ನರಸಾಕಿ. ಹನ್ನೊಂದು ವಿಭಾಗಗಳ ಹನ್ನೊಂದು ಮುಖ್ಯಸ್ಥರು ಇದನ್ನು ಪರಿಶೀಲಿಸಿ ಕೆಂಪು ಮೊಹರು ಒತ್ತಿದ್ದಾರೆ. ನಮ್ಮಲ್ಲಿ ಕಿರಿಯರ ಮೊಹರು ಹಿರಿಯರ ಮೊಹರಿನ ಕಡೆಗೆ ಸ್ವಲ್ಪ ಓರೆಯಾಗಿರಬೇಕು, ತಲೆ ಬಾಗಿದ ಹಾಗೆ ಕಾಣಬೇಕು. ಹನ್ನೊಂದನೆಯವರ ಮೊಹರು ಹೆಚ್ಚುಕಡಿಮೆ ಮಲಗಿಯೇ ಬಿಟ್ಟಿತ್ತು. ಇಷ್ಟು ಜನ ಬಾಗಿದ ಮೇಲೆ ವಾಕ್ಯ ಸುಳ್ಳಾಗಿರಲು ಸಾಧ್ಯವಿಲ್ಲ.

ಸಂಸ್ಥೆಯು 1966ರಲ್ಲಿ ಒಸಾಕಾದ ಪೂರ್ವಭಾಗದಲ್ಲಿ, ಚಪ್ಪಲಿ ಪಟ್ಟಿ ಮಾಡುತ್ತಿದ್ದ ಒಂದು ತಗಡಿನ ಶೆಡ್ಡಿನಲ್ಲಿ ಆರಂಭವಾಯಿತು. ಮೊದಲು ತಯಾರಿಸಿದ್ದು ದೊಡ್ಡ ಅಂಗಡಿಗಳ ತಾರಸಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅಲ್ಲಾಡುವ ಆನೆಗಳನ್ನು. ನಾಣ್ಯ ಹಾಕಿದರೆ ಆನೆ ಮೂರು ನಿಮಿಷ ಅಲ್ಲಾಡುತ್ತಿತ್ತು. ಕೆಲ ವರ್ಷಗಳ ಮೇಲೆ ಎರಡೂವರೆ ನಿಮಿಷ. ಚರಿತ್ರೆಯಲ್ಲಿ ಇದಕ್ಕೆ ‘ದಕ್ಷತೆಯ ಯುಗ’ ಎಂದು ಹೆಸರು. ಆಮೇಲೆ ಬೆಳಕಿನ ಚುಕ್ಕೆಗಳನ್ನು ಹೊಡೆದುರುಳಿಸುವ ಮೇಜಿನಾಟಗಳು ಬಂದವು. ಅವು ಹೋದ ಮೇಲೆ, 1986ರಲ್ಲಿ, ಕೊಕ್ಕೆ ಯಂತ್ರ ಬಂತು. ಗಾಜಿನ ಪೆಟ್ಟಿಗೆ, ಒಳಗೆ ಗೊಂಬೆಗಳ ರಾಶಿ, ಮೇಲಿಂದ ಇಳಿಯುವ ಮೂರು ಬೆರಳಿನ ಕೊಕ್ಕೆ, ಮೂಲೆಯಲ್ಲಿ ಬಹುಮಾನ ಬೀಳುವ ಕಿಂಡಿ. ಒಳಗಿನ ಗೊಂಬೆಗಳನ್ನೂ ನಾವೇ ತಯಾರಿಸತೊಡಗಿದೆವು. ನಗುವ ಹಸಿರು ಕಪ್ಪೆ ಬಹಳ ಹೆಸರು ಮಾಡಿತು. 2004ರಲ್ಲಿ ಕೂರುವ ಪೀಠ ಬೆಚ್ಚಗಾಗುವ ಕಮೋಡುಗಳ ಒಂದು ಕಂಪನಿ ನಮ್ಮನ್ನು ಕೊಂಡು, ಐದು ವರ್ಷ ಇಟ್ಟುಕೊಂಡು, ಕೊಂಡದ್ದಕ್ಕಿಂತ ಕಡಿಮೆಗೆ ವಾಪಸು ಮಾರಿತು. ಆ ಅಧ್ಯಾಯಕ್ಕೆ ‘ಕುಳಿತು ಚಿಂತಿಸಿದ ವರ್ಷಗಳು’ ಎಂದು ಹೆಸರಿಟ್ಟಿದ್ದೇನೆ.

ಚರಿತ್ರೆ ರಚನಾ ಕೊಠಡಿ ಮೂರನೆಯ ಮಹಡಿಯಲ್ಲಿ, ಬಿಸಿನೀರಿನ ಕೊಳವೆಗಳ ಪಕ್ಕದಲ್ಲಿದೆ. ಕೆಲಸದಿಂದ ತೆಗೆಯಲೂ ಆಗದ, ಕೆಲಸ ಕೊಡಲೂ ಆಗದ ಜನರನ್ನು ಇಲ್ಲಿಗೆ ಕಳಿಸಿ ಕಿಟಕಿ ಪಕ್ಕದಲ್ಲಿ ಸುಮ್ಮನೆ ಕೂರಿಸುವುದು ರೂಢಿ. ಕಿಟಕಿ ಪಕ್ಕದ ಕುರ್ಚಿ ಕೊಟ್ಟರೆಂದು ಹೇಳಿದರೆ ನಮ್ಮಲ್ಲಿ ಮನೆಯವರೂ ಹೆಚ್ಚು ಕೇಳುವುದಿಲ್ಲ, ಊಟಕ್ಕೆ ಒಂದು ಮೊಟ್ಟೆ ಜಾಸ್ತಿ ಇಡುತ್ತಾರೆ ಅಷ್ಟೆ.

ನಾನು ಇಲ್ಲಿಗೆ ಬಂದದ್ದಕ್ಕೆ ಕಾರಣವಿತ್ತು. ಮೊದಲು ಕ್ಯೋಬಾಶಿಯ ನಮ್ಮ ಆಟದ ಮಳಿಗೆಯಲ್ಲಿ ಮೇಲ್ವಿಚಾರಕಿಯಾಗಿದ್ದೆ. ಗಿರಾಕಿ ಪದೇ ಪದೇ ಸೋತಾಗ ನಾವು ಓಡಿಹೋಗಿ, ಬಾಗಿ ನಮಸ್ಕರಿಸಿ, ಗಾಜಿನ ಬಾಗಿಲು ತೆರೆದು ಗೊಂಬೆಯನ್ನು ಕಿಂಡಿಯ ಹತ್ತಿರ ಸರಿಸಿಕೊಡಬೇಕು. ನಿಯಮಾವಳಿಯ ಹದಿನಾಲ್ಕನೆಯ ನಿಯಮ ಹೀಗಿದೆ: ‘ಬಹುಮಾನವನ್ನು ಕಿಂಡಿಯ ಹತ್ತಿರಕ್ಕೆ ಸರಿಸತಕ್ಕದ್ದು. ಕಿಂಡಿಯೊಳಕ್ಕೆ ಸರಿಸತಕ್ಕದ್ದಲ್ಲ.’ ಒಂದು ಭಾನುವಾರ, ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದ ಒಬ್ಬ ನರ್ಸು ಏಳನೆಯ ಸಲ ಸೋತು ಅಳು ನುಂಗುತ್ತ ನಿಂತಿದ್ದಳು. ನಾನು ಕಪ್ಪೆಯನ್ನು ಎಷ್ಟು ಹತ್ತಿರ ಸರಿಸಿದೆನೆಂದರೆ ಅದು ಬಿದ್ದೇಹೋಯಿತು. ಆಕೆ ನನ್ನ ಕೈ ಹಿಡಿದು ಕುಣಿದಳು. ಮೂರನೆಯ ದಿನ ನಾನು ಕಿಟಕಿ ಪಕ್ಕದಲ್ಲಿದ್ದೆ. ವರ್ಗಾವಣೆ ಆದೇಶದಲ್ಲಿ ನಮೂದಿಸಿದ ಕಾರಣ: ‘ಅತಿ ಸಹಾಯ’.

ಕೊಳವೆಗಳ ಬಿಸಿಗೆಂದು ಮಧ್ಯಾಹ್ನದ ಬುತ್ತಿಯನ್ನು ನನ್ನ ಕೊಠಡಿಯಲ್ಲೇ ಬಿಚ್ಚುತ್ತಿದ್ದವರು ನೆಲಮಾಳಿಗೆಯ ರಿಪೇರಿ ವಿಭಾಗದ ಉಮೆಜು. ಅರವತ್ನಾಲ್ಕು ವರ್ಷ, ಬರುವ ಮಾರ್ಚ್ ಕೊನೆಗೆ ನಿವೃತ್ತಿ. ಕೆಲಸಕ್ಕೆ ಸೇರಿದಾಗಿನಿಂದ ಅದೇ ಬೂದು ಬಣ್ಣದ ಜಾಕೆಟ್ಟು, ಜೇಬಿನಲ್ಲಿ ಅದೇ ಸ್ಕ್ರೂಡ್ರೈವರು. ಒಂದು ದಿನ ಅವರು ಉಪ್ಪಿನಕಾಯಿ ಮೂಲಂಗಿ ಕಚ್ಚುತ್ತ, ನನ್ನ ಹಸ್ತಪ್ರತಿಯ ಮೇಲೆ ಕಣ್ಣಾಡಿಸುತ್ತ, “ನರಸಾಕಿ, ಎಂಬತ್ತಾರನೇ ಇಸವಿಗೆ ಬಂದಿದೀಯಾ?” ಎಂದರು.

“ಬಂದಿದೀನಿ ಉಮೆಜು ಸಾನ್. ಸಂಸ್ಥಾಪಕರಿಗೆ ಬಕಪಕ್ಷಿ ಕಂಡದ್ದು ಮುಗೀತು. ನೂರ ಹನ್ನೊಂದನೇ ಪುಟ.”

ಸಂಸ್ಥೆಯ ಅಧಿಕೃತ ನಿಲುವು ಹೀಗಿದೆ. 1986ರ ವಸಂತದಲ್ಲಿ ಸಂಸ್ಥಾಪಕ ಅಧ್ಯಕ್ಷರು ಒಂದು ದೇಗುಲದ ಕೊಳದ ಬಳಿ ಧ್ಯಾನಸ್ಥರಾಗಿದ್ದಾಗ, ಬಕಪಕ್ಷಿಯ ಕೊಕ್ಕಿನಿಂದ ಮೀನೊಂದು ಜಾರಿ ನೀರಿಗೆ ಬಿತ್ತು. ಪಕ್ಷಿ ಬೇಸರಪಡದೆ ಮತ್ತೆ ಕೊಕ್ಕು ಹಾಕಿತು. ಮತ್ತೆ ಜಾರಿತು. ಸಂಜೆಯವರೆಗೆ ಹೀಗೇ ನಡೆಯಿತು. ‘ಬಿಡುವ ಕೈಯೇ ಕರೆಯುವ ಕೈ’ ಎಂಬ ಸತ್ಯ ಅವರಿಗೆ ಹೊಳೆದು, ಎತ್ತಿ ಇನ್ನೇನು ಕೊಡಬೇಕೆನ್ನುವಾಗ ಕೈಬಿಡುವ ಕೊಕ್ಕೆಯನ್ನು ವಿನ್ಯಾಸಗೊಳಿಸಿದರು. ಈ ಮಾತನ್ನು ನಮ್ಮಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲರೂ ಎದ್ದುನಿಂತು ಒಟ್ಟಾಗಿ ಹೇಳುತ್ತಾರೆ.

ಉಮೆಜು ನಕ್ಕರು. “ಪುಣ್ಯಾತ್ಮ ಕೊಳದ ಹತ್ತಿರ ಯಾವತ್ತೂ ಹೋಗ್ಲಿಲ್ಲ, ಸೊಳ್ಳೆ ಕಂಡ್ರೆ ಆಗ್ತಿರ್ಲಿಲ್ಲ ಅವ್ರಿಗೆ. ಕೊಕ್ಕೆ ಸಡಿಲ ಆಗಿದ್ದು ನನ್ನಿಂದ ಕಣಮ್ಮ.”

ನಡೆದದ್ದು ಇಷ್ಟು. ಆ ಮೇ ತಿಂಗಳಲ್ಲಿ ಇಪ್ಪತ್ತು ಯಂತ್ರಗಳು ಶುಕ್ರವಾರದೊಳಗೆ ಹೊರಡಬೇಕಿತ್ತು. ಕೊಕ್ಕೆಯ ಸ್ಪ್ರಿಂಗುಗಳು ಬಂದಿರಲಿಲ್ಲ. ಇಪ್ಪತ್ತೈದರ ಹುಡುಗ ಉಮೆಜು, ಮೂಲೆಗೆ ಬಿದ್ದಿದ್ದ ಹಳೆಯ ಆನೆಗಳ ನಾಣ್ಯದ ಬಾಗಿಲಿನಿಂದ ಪುಟ್ಟ ಸ್ಪ್ರಿಂಗುಗಳನ್ನು ಬಿಚ್ಚಿ ಹಾಕಿದ. ಕೊಕ್ಕೆ ಗೊಂಬೆಯನ್ನು ಹಿಡಿಯಿತು, ಎತ್ತಿತು, ಮೇಲೆ ತಲುಪಿ ಸಣ್ಣಗೆ ಕುಲುಕಿದಾಗ ಬಿಟ್ಟುಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜನ ‘ಅಯ್ಯೋ, ಇನ್ನೊಂಚೂರು!’ ಎಂದು ಕೂಗಿ ಮತ್ತೊಂದು ನಾಣ್ಯ ಹಾಕಿದರು. ಆ ಕೂಗೇ ಅರವತ್ತು ವರ್ಷಗಳ ನಮ್ಮ ಸಂಸ್ಥೆಯ ಬಂಡವಾಳ.

ಆದರೆ ಉಮೆಜು ಒಂದು ಕೆಲಸ ಮಾಡಿಬಿಟ್ಟಿದ್ದರು. ಕ್ಷಮೆ ಕೇಳಿದ್ದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡವರು ಅವರು. ಸೋಮವಾರ ಬೆಳಿಗ್ಗೆ, ಲೆಕ್ಕ ಬರುವ ಮುನ್ನವೇ, ಸಂಸ್ಥಾಪಕರ ಕೋಣೆಗೆ ಹೋಗಿ ನೆಲಕ್ಕೆ ಹಣೆ ಹಚ್ಚಿ, ತಪ್ಪೊಪ್ಪಿಗೆ ಪತ್ರ ಬರೆದುಕೊಟ್ಟರು. ಮಧ್ಯಾಹ್ನ ಲೆಕ್ಕ ಬಂತು. ಸಂಸ್ಥಾಪಕರು ಪತ್ರವನ್ನು ಕಡತಕ್ಕೆ ಸೇರಿಸಿ, ‘ಆ ಸ್ಪ್ರಿಂಗನ್ನ ಯಾರಾದ್ರೂ ಮುಟ್ಟಿದ್ರೆ ಕೈ ಕತ್ತರಿಸ್ತೀನಿ’ ಎಂದರಂತೆ. ಆ ಇಪ್ಪತ್ತರಲ್ಲಿ ಒಂದು ಯಂತ್ರ ಇಂದಿಗೂ ಕೇಂದ್ರ ಕಚೇರಿಯ ಹಜಾರದಲ್ಲಿ ನಿಂತಿದೆ. ಸ್ಪ್ರಿಂಗು ಅದೇ.

“ಈಗ ಏನಾಗ್ಬೇಕು ನಿಮ್ಗೆ?” ಎಂದೆ.

“ಒಂದು ಸಾಲು. ‘ಉಮೆಜು ಸ್ಪ್ರಿಂಗ್ ಬದಲಾಯಿಸಿದ’ ಅಂತ. ಹೊಗಳೋದೇನೂ ಬೇಡ. ನನಗಲ್ಲ, ಫುಸಾಎಗೆ.”

ಫುಸಾಎ ಅವರ ಹೆಂಡತಿ. ಆ ಮೊದಲ ವಾರ ಉಮೆಜು ತಾನು ಮಾಡಿದ ಪಾಪ ನೋಡಲು ಮಳಿಗೆಗೆ ಹೋಗಿ ಕಂಬದ ಹಿಂದೆ ನಿಂತಿದ್ದಾಗ, ಒಬ್ಬ ಹುಡುಗಿ ಒಂದು ಕರಡಿಗಾಗಿ ಪರ್ಸು ಖಾಲಿ ಮಾಡುತ್ತಿದ್ದಳು. ತಡೆಯಲಾರದೆ ಇವರು ಹೋಗಿ, ಗಾಜು ತೆರೆದು, ಕರಡಿಯನ್ನು ಒಂಚೂರು ಹತ್ತಿರ ಸರಿಸಿದರು. ಹದಿನಾಲ್ಕನೆಯ ನಿಯಮ ಹುಟ್ಟಿದ್ದು ಹಾಗೆ. ಆದರೂ ಆಕೆಗೆ ಕರಡಿ ಸಿಗಲಿಲ್ಲ. “ಏನ್ರೀ, ಕೊಡೋಕೆ ಮನಸ್ಸಿಲ್ದಿದ್ರೆ ಗಾಜಿನೊಳಗೆ ಯಾಕ್ರೀ ಇಡ್ತೀರಾ?” ಎಂದು ಆಕೆ ಜಗಳಕ್ಕೆ ನಿಂತಳಂತೆ. ಇವರು ಪ್ರಾಯಶ್ಚಿತ್ತವಾಗಿ ಬೀದಿ ಅಂಗಡಿಯ ಬಿಸಿ ಆಕ್ಟೋಪಸ್ ಉಂಡೆ, ತಾಕೋಯಾಕಿ, ಕೊಡಿಸಿದರು, ಆಮೇಲೆ ಮದುವೆಯಾದರು. ನಲವತ್ತು ವರ್ಷದಿಂದ ಆ ಕೊಕ್ಕೆ ನನ್ನದು ಎಂದು ಇವರು ಹೇಳುವುದು, ಎಲ್ಲಿ ಬರೆದಿದೆ ತೋರಿಸಿ ಎಂದು ಆಕೆ ಅನ್ನುವುದು ನಡೆದೇ ಇದೆ.

ಉಮೆಜು ಅರ್ಜಿ ಕೊಟ್ಟರು. ತಿರಸ್ಕೃತವಾಯಿತು. ಮತ್ತೆ ಕೊಟ್ಟರು. ಏಳನೆಯ ಅರ್ಜಿ ಬಂದಾಗ ಸಾಮಾನ್ಯ ವ್ಯವಹಾರಗಳ ಮುಖ್ಯಸ್ಥ ಹೊಂಜೊ ನನ್ನನ್ನೂ ಕರೆದುಕೊಂಡು ಅಧ್ಯಕ್ಷರ ಕೋಣೆಗೆ ಹೋದರು. ಈಗಿನ ಅಧ್ಯಕ್ಷರು ಸಂಸ್ಥಾಪಕರ ಮೊಮ್ಮಗ, ಬಹಳ ಮೃದು ಮನುಷ್ಯ. ಯಾರನ್ನು ಎಲ್ಲಿಗೆ ಎತ್ತಿಹಾಕುವಾಗಲೂ ಅವರ ಕಣ್ಣು ಒದ್ದೆಯಾಗುತ್ತದೆ.

“ಪಾಪ, ಎಷ್ಟು ಸಲ ಕೇಳಿದಾರೆ?”

“ಇದು ಏಳನೇದು, ಅಧ್ಯಕ್ಷರೇ.”

“ಏಳು ಸಲ ಸೋತ ಗಿರಾಕಿಗೆ ನಾವು ಏನ್ಮಾಡ್ತೀವಿ ಹೊಂಜೊ?”

“ಹತ್ತಿರ ಸರಿಸ್ತೀವಿ.”

“ಮತ್ತೆ? ನೌಕರ ಅಂದ್ರೆ ಗಿರಾಕಿಗಿಂತ ಕಡಿಮೇನಾ? ಸರಿಸಿ.”

ಹೀಗೆ ಹದಿನಾಲ್ಕನೆಯ ನಿಯಮವು ಚರಿತ್ರೆಗೂ ಅನ್ವಯವಾಯಿತು. ನೂರ ಹನ್ನೆರಡನೆಯ ಪುಟದಲ್ಲಿ ಹೊಸ ವಾಕ್ಯ ಸೇರಿಸಲು ನನಗೆ ಆದೇಶ ಬಂತು: ‘ಆ ಕಾಲದಲ್ಲಿ ಸಂಸ್ಥೆಯಲ್ಲಿ ನೌಕರರೂ ಇದ್ದರು.’ ಹನ್ನೊಂದು ಮೊಹರು ಬಿದ್ದವು. ಉಮೆಜು ಅದನ್ನು ಎರಡು ಸಲ ಓದಿದರು.

“ಪರವಾಗಿಲ್ಲ ಕಣೇ. ಇದ್ರಲ್ಲಿ ನಾನೂ ಬರ್ತೀನಲ್ಲ?”

ಮುಂದಿನ ತಿಂಗಳ ಅರ್ಜಿಗೆ ‘ಅವರಲ್ಲಿ ಕೆಲವರು ತಾಂತ್ರಿಕ ವಿಭಾಗದಲ್ಲಿದ್ದರು’ ಎಂದಾಯಿತು. ಅದರ ಮುಂದಿನದಕ್ಕೆ ‘ಅವರಲ್ಲೊಬ್ಬರ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದ ಸಾಧ್ಯತೆಯನ್ನು ಅಲ್ಲಗಳೆಯಲಾಗದು’. ಉಮೆಜು ಕುಣಿದಾಡಿದರು. ಡಿಸೆಂಬರಿನಲ್ಲಿ ಅಧ್ಯಕ್ಷರು ಒಂದು ಹಳೆಯ ಫೋಟೊ ಹಾಕಲು ಒಪ್ಪಿದರು. ಅದರಲ್ಲಿ ಸಂಸ್ಥಾಪಕರ ಬಲಗಡೆ, ಚೌಕಟ್ಟಿನ ಅಂಚಿನಲ್ಲಿ, ಉಮೆಜು ಅವರ ಮೊಣಕೈ ಕಾಣುತ್ತದೆ.

ಮಾರನೆಯ ದಿನ ಬುತ್ತಿ ಮನೆಯಲ್ಲೇ ಮರೆತು ಬಂದಿದ್ದ ಗಂಡನಿಗೆ ಅದನ್ನು ಕೊಡಲು ಫುಸಾಎ ಬಂದರು. ಉಮೆಜು ಹೆಮ್ಮೆಯಿಂದ ಫೋಟೊ ತೋರಿಸಿದರು. ಆಕೆ ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಮೊಣಕೈ.”

“ನಂದೇ ಕಣೆ. ಜಾಕೆಟ್ಟು ಗುರ್ತಾಗಲ್ವಾ?”

“ಜಾಕೆಟ್ಟು ಗುರ್ತಾಗದೇ ಏನು, ಇವತ್ತೂ ಅದನ್ನೇ ಹಾಕ್ಕೊಂಡಿದೀರಲ್ಲ. ಅಕ್ಕಪಕ್ಕದವರಿಗೆ ಏನಂತ ತೋರಿಸ್ಲಿ? ನಮ್ಮನೆಯವರ ಮೊಣಕೈ ಚರಿತ್ರೆಗೆ ಹೋಯ್ತು, ಮಿಕ್ಕಿದ್ದು ಮನೇಲೇ ಇದೆ ಅಂತಲಾ?”

“ಹತ್ತಿರ ಬಂದಿದೆ ಫುಸಾಎ. ಇನ್ನೊಂಚೂರು.”

ಆಕೆ ಬುತ್ತಿಯನ್ನು ಮೇಜಿನ ಮೇಲಿಟ್ಟರು. ಬಾಗಿಲ ಬಳಿ ನನ್ನನ್ನು ಕರೆದು, “ಈಯಪ್ಪಂಗೆ ರಾತ್ರಿ ನಿದ್ದೆ ಇಲ್ಲಮ್ಮ. ಮಾರ್ಚ್ ಆದ್ಮೇಲೆ ಯಾರೂ ಹೆಸರು ಹಿಡಿದು ಕೂಗಲ್ಲ ಅಂತ ಹೆದರಿದಾರೆ. ನಾನು ಆಡ್ಕೋತೀನಿ ಅಷ್ಟೆ. ಆ ಕೊಕ್ಕೆ ಇವ್ರದ್ದೇ ಅಂತ ನಂಗೆ ಮೊದಲ ದಿನಾನೇ ಗೊತ್ತಿತ್ತು, ಕಂಬದ ಹಿಂದೆ ನಿಂತ್ಕೊಂಡು ಅಷ್ಟು ಬೆವರೋನು ಇನ್ಯಾರು?” ಎಂದರು.

ಅದನ್ನು ಕೇಳಿದ ಮೇಲೆ ನಾನು ಹಳೆಯ ಕಡತಗಳಿಗೆ ಕೈಹಾಕಿದೆ. ಮೂರು ದಿನ ಧೂಳು ಕುಡಿದು ಕೊನೆಗೂ ಅದನ್ನು ಹುಡುಕಿದೆ. 1986ರ ತಪ್ಪೊಪ್ಪಿಗೆ ಪತ್ರ. ಉಮೆಜು ಅವರ ಕೈಬರಹ, ಕೆಳಗೆ ಸಂಸ್ಥಾಪಕರ ಮೊಹರು. ಇದಕ್ಕಿಂತ ಸಾಕ್ಷಿ ಬೇಕೆ? ತೆಗೆದುಕೊಂಡು ಹೋಗಿ ಅಧ್ಯಕ್ಷರ ಮುಂದಿಟ್ಟೆ. ಅಧ್ಯಕ್ಷರು ಓದಿ ಕಣ್ಣೊರೆಸಿಕೊಂಡು ಹೊಂಜೊ ಕಡೆ ನೋಡಿದರು. ಉಮೆಜುವನ್ನೂ ಕರೆಸಿದರು.

ಹೊಂಜೊ ಗಂಟಲು ಸರಿಮಾಡಿಕೊಂಡರು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮೂವತ್ತು ವರ್ಷ ನೌಕರಿ ಮಾಡಿದವರು ಅವರು.

“ಉಮೆಜು ಸಾನ್, ಒಂದು ಕೇಳ್ತೀನಿ. ಆ ಸ್ಪ್ರಿಂಗ್ ಹಾಕಿದ್ದು ತಪ್ಪಾ?”

ಉಮೆಜು ನನ್ನ ಮುಖ ನೋಡಿದರು. “ಆವಾಗ ತಪ್ಪು ಅನ್ಕೊಂಡಿದ್ದೆ.”

“ಸಂಸ್ಥೆ ಯಾವತ್ತೂ ತಪ್ಪು ಮಾಡಿಲ್ಲ. ಮೊದಲನೇ ಪುಟದಲ್ಲೇ ಇದೆ. ನೀವು ಸಂಸ್ಥೆಯ ನೌಕರರು. ಅಂದ್ಮೇಲೆ ಅದು ತಪ್ಪಲ್ಲ.”

“ಹೌದಾ? ಬಹಳ ಸಂತೋಷ.”

“ತಪ್ಪಲ್ಲ ಅಂದ್ಮೇಲೆ, ತಪ್ಪಾಯ್ತು ಅಂತ ಬರೆದುಕೊಟ್ಟಿದೀರಲ್ಲ, ಅದು ಸುಳ್ಳು. ಸಂಸ್ಥೆಗೆ ಸುಳ್ಳು ಪತ್ರ ಕೊಡೋದು ಬಹಳ ದೊಡ್ಡ ತಪ್ಪು.”

ಉಮೆಜು ತಕ್ಷಣ ನಡು ಬಗ್ಗಿಸಿ, “ಕ್ಷಮಿಸಬೇಕು” ಎಂದರು. ನಾನು ಹಿಂದಿನಿಂದ ಅವರ ಜಾಕೆಟ್ಟು ಹಿಡಿದೆಳೆದೆ. ಆದರೆ ಬಾಯಿಂದ ಬಂದಾಗಿತ್ತು.

“ಅದನ್ನೇ ಬರವಣಿಗೆಯಲ್ಲಿ ಕೊಟ್ಬಿಡಿ” ಎಂದರು ಹೊಂಜೊ.

ಉಮೆಜು ಅಲ್ಲೇ ಕೂತು ಬರೆದುಕೊಟ್ಟರು: ‘1986ರ ಮೇ ತಿಂಗಳಲ್ಲಿ, ನಾನು ಮಾಡಿರದ ತಪ್ಪಿಗೆ ಕ್ಷಮೆ ಕೋರಿ ಸಂಸ್ಥೆಗೆ ತೊಂದರೆ ಉಂಟುಮಾಡಿದ್ದಕ್ಕಾಗಿ ಮನಃಪೂರ್ವಕ ಕ್ಷಮೆ ಕೋರುತ್ತೇನೆ. ಇಂಥ ಕ್ಷಮೆ ಮುಂದೆ ಮರುಕಳಿಸದಂತೆ ಎಚ್ಚರ ವಹಿಸುತ್ತೇನೆ.’ ಅಧ್ಯಕ್ಷರು ಅದನ್ನು ಎರಡೂ ಕೈಯಲ್ಲಿ ಸ್ವೀಕರಿಸಿದರು. ಈಗ ಎಲ್ಲವೂ ಸರಿಹೋಯಿತೆಂದು ನಾನು ಪೆನ್ನು ತೆಗೆದೆ.

“ಒಂದು ಸಣ್ಣ ತೊಡಕು” ಎಂದರು ಹೊಂಜೊ. “ತಪ್ಪೊಪ್ಪಿಗೆ ಪತ್ರ ಕೊಟ್ಟವರ ಹೆಸರನ್ನ ಐದು ವರ್ಷ ಯಾವ ಸನ್ಮಾನಕ್ಕೂ ಪರಿಗಣಿಸೋ ಹಾಗಿಲ್ಲ. ಹಳೇ ಪತ್ರ ಆಗಿದ್ರೆ ಅವಧಿ ಯಾವತ್ತೋ ಮುಗೀತಿತ್ತು. ಈಗ ಕೊಟ್ಟಿದ್ದು ಇವತ್ತಿಂದು.”

“ಹಾಗಾದ್ರೆ ಯಾವಾಗ?” ಎಂದೆ.

“ಮುಂದಿನ ಚರಿತ್ರೆ ಬರೋದು ಎಪ್ಪತ್ತೈದನೇ ವಾರ್ಷಿಕೋತ್ಸವಕ್ಕೆ, ಅದ್ರಲ್ಲಿ ಖಂಡಿತ ನೋಡೋಣ. ಉಮೆಜು ಸಾನ್‌ಗೆ ಎಂಬತ್ತು ಆಗಿರುತ್ತೆ. ಒಳ್ಳೇ ವಯಸ್ಸು.”

ಮೆಟ್ಟಿಲಿಳಿಯುವಾಗ ಉಮೆಜು ಒಂದೇ ಮಾತಾಡಿದರು. “ಫುಸಾಎಗೆ ಹೇಳ್ಬೇಡ. ಮೊಣಕೈ ಇದೆಯಲ್ಲ, ಸಾಕು.”

ನನಗೆ ಸಿಟ್ಟು ಬಂತು. ಚರಿತ್ರೆ ಬರೆಯುವವರಿಗೆ ಸಿಟ್ಟು ಬರಬಾರದೆಂಬ ನಿಯಮ ಎಲ್ಲೂ ಇಲ್ಲ, ಅದು ಯಾರಿಗೂ ಹೊಳೆದಿರಲಿಲ್ಲ. ಅಂದು ಸಂಜೆ ಕಡೆಯ ಕರಡಿನಲ್ಲಿ, ನೂರ ಹನ್ನೆರಡನೆಯ ಪುಟದ ಕೊನೆಗೆ, ಬಕಪಕ್ಷಿಯ ಬೆನ್ನ ಹಿಂದೆಯೇ ಬರೆದೆ: ‘ಕೊಕ್ಕೆಯ ಸ್ಪ್ರಿಂಗನ್ನು ಬದಲಿಸಿದವರು ರಿಪೇರಿ ವಿಭಾಗದ ಉಮೆಜು. ಸಂಸ್ಥೆಯು ಇಂದು ತಿನ್ನುತ್ತಿರುವ ಅನ್ನ ಅವರ ಕೈಗುಣ.’ ಕರಡು ಹನ್ನೊಂದು ಮುಖ್ಯಸ್ಥರ ಮೇಜಿನ ಮೇಲೆ ಹಾದುಹೋಯಿತು. ಹನ್ನೊಂದು ಮೊಹರು ಬಿದ್ದವು, ಹನ್ನೊಂದನೆಯದು ಮಲಗಿಯೇ ಬಿದ್ದಿತ್ತು. ಯಾರೂ ಓದಲಿಲ್ಲ. ಮುನ್ನೂರು ಪ್ರತಿಗಳು ಅಚ್ಚಾದವು, ದಪ್ಪ ರಟ್ಟು, ನೀಲಿ ಬಟ್ಟೆ, ಒಂದೂವರೆ ಕಿಲೋ ತೂಕ.

ಪುಸ್ತಕವನ್ನು ಓದುವವರೂ ಇರುತ್ತಾರೆಂದು ಸಂಸ್ಥೆ ಎಣಿಸಿರಲಿಲ್ಲ. ಬೈಂಡಿಂಗ್ ಮಾಡಿದ ಮುದುಕರೊಬ್ಬರು ಓದಿದ್ದರು. ಪ್ರತಿಗಳನ್ನು ಇಳಿಸಿದ ದಿನವೇ ಕಚೇರಿಗೆ ಫೋನ್ ಮಾಡಿ, “ಯಾವನ್ರೀ ಆ ಉಮೆಜು? ನನ್ನ ಯೌವನದ ಸಂಬಳ ಎಲ್ಲ ತಿಂದವನು! ಫೋನ್ ಕೊಡಿ, ಒಂದು ಮಾತು ಬೈದು ಒಂದು ಲೋಟ ಕುಡಿಸಬೇಕು” ಎಂದರು. ಫೋನ್ ಎತ್ತಿದ್ದವರು ಹೊಂಜೊ.

ತುರ್ತು ಸಭೆ ಸೇರಿತು. ನಾನು ಎದ್ದುನಿಂತು ಬಾಯಿ ತೆರೆದೆ. ಹೊಂಜೊ ಎರಡೂ ಕೈ ಮೇಲೆತ್ತಿದರು.

“ನರಸಾಕಿ, ಕೈ ಮುಗೀತೀನಿ, ಕ್ಷಮೆ ಮಾತ್ರ ಕೇಳ್ಬೇಡ. ಒಬ್ರು ಕೇಳಿದ್ದಕ್ಕೇ ನಲವತ್ತು ವರ್ಷ ಒದ್ದಾಡ್ತಿದೀವಿ.”

ಸಮಸ್ಯೆ ಗಂಭೀರವಾಗಿತ್ತು. ಆ ಸಾಲಿಗೆ ಹನ್ನೊಂದು ಮೊಹರುಗಳಿದ್ದವು, ಆದ್ದರಿಂದ ಅದು ತಪ್ಪಾಗಿರಲು ಸಾಧ್ಯವಿರಲಿಲ್ಲ. ತಪ್ಪಲ್ಲದ್ದನ್ನು ತಿದ್ದುವಂತಿಲ್ಲ. ತಪ್ಪು ಮಾಡದ ನನ್ನನ್ನು ಶಿಕ್ಷಿಸುವಂತೆಯೂ ಇಲ್ಲ. ನಾಲ್ಕು ಗಂಟೆ ಚರ್ಚೆಯಾಗಿ, ಎರಡು ಸಲ ಹಸಿರು ಚಹಾ ಬಂದು ಹೋದ ಮೇಲೆ, ಪುಸ್ತಕವನ್ನು ತಿದ್ದುವುದು ಬೇಡ, ಹಗುರಗೊಳಿಸುವುದು ಎಂದು ತೀರ್ಮಾನವಾಯಿತು. ಹನ್ನೊಂದು ಮುಖ್ಯಸ್ಥರು ಕೋಟು ಕಳಚಿ, ತೋಳು ಮಡಚಿ, ಕಾಗದ ಕತ್ತರಿಸುವ ಚಾಕು ಹಿಡಿದು ಇನ್ನೂರ ತೊಂಬತ್ತೊಂಬತ್ತು ಪ್ರತಿಗಳಿಂದ ಒಂದೊಂದು ಹಾಳೆ ತೆಗೆದರು. ಹಾಳೆಗೆ ಎರಡು ಮುಖ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ನೂರ ಹನ್ನೊಂದನೆಯ ಪುಟದ ಬಕಪಕ್ಷಿ, ಕೊಳ, ಧ್ಯಾನ ಎಲ್ಲವೂ ಉಮೆಜು ಅವರ ಜೊತೆಗೇ ಹೋದವು. ಈಗ ಆ ಪ್ರತಿಗಳಲ್ಲಿ ಕೊಕ್ಕೆಯನ್ನು ಯಾರೂ ಮಾಡಿಲ್ಲ. ಇದುವರೆಗೆ ಯಾರೂ ಕೇಳಿಲ್ಲ.

ಮುನ್ನೂರನೆಯ ಪ್ರತಿಯನ್ನು ಮುಟ್ಟುವಂತಿರಲಿಲ್ಲ. ಒಂದು ಪೂರ್ಣ ಪ್ರತಿಯನ್ನು ಸಾರ್ವಜನಿಕರಿಗೆ ಲಭ್ಯವಿರಿಸತಕ್ಕದ್ದು ಎಂದು ಸಂಸ್ಥೆಯ ನಿಯಮವೇ ಹೇಳುತ್ತದೆ. ಅಧ್ಯಕ್ಷರ ಕಣ್ಣು ಮತ್ತೆ ಒದ್ದೆಯಾಯಿತು.

“ನಮ್ಮಲ್ಲಿ ಮುಚ್ಚಿಡೋದು ಅಂತ ಏನೂ ಇಲ್ಲ. ಗಾಜಿನೊಳಗೆ ಇಡಿ.”

ಮರುದಿನ ಹಜಾರದಲ್ಲಿ ಪ್ರಕಟಣೆ ಅಂಟಿಸಲಾಯಿತು:

‘ಸಂಸ್ಥೆಯ ಚರಿತ್ರೆಯ ಏಕೈಕ ಪೂರ್ಣ ಪ್ರತಿಯನ್ನು 1986ರ ಯಂತ್ರದಲ್ಲಿ ವಿಶೇಷ ಬಹುಮಾನವಾಗಿ ಇರಿಸಲಾಗಿದೆ. ನೌಕರರು, ನಿವೃತ್ತರು, ಅವರ ಕುಟುಂಬದವರು ಹಾಗೂ ಸಾರ್ವಜನಿಕರು ನಾಣ್ಯ ಹಾಕಿ ಮುಕ್ತವಾಗಿ ಪಡೆಯಬಹುದು. ಸತ್ಯವು ಎಲ್ಲರ ಕೈಗೆಟಕುವ ದೂರದಲ್ಲಿದೆ. ಅಗತ್ಯವಿದ್ದಲ್ಲಿ ಸಹಾಯಕಿಯನ್ನು ಕರೆಯಿರಿ.’

ಸಹಾಯಕಿ ನಾನು. ಶಿಕ್ಷಿಸಲಾಗದ ಕಾರಣ ಬಡ್ತಿ ಕೊಟ್ಟಿದ್ದರು. ಕಿಟಕಿ ಪಕ್ಕದಿಂದ ಹಜಾರಕ್ಕೆ ಇಳಿಸಿ, ಎದೆಗೆ ಹೆಸರಿನ ಬಿಲ್ಲೆ ಚುಚ್ಚಿ, ಗಾಜಿನ ಬಾಗಿಲಿನ ಕೀಲಿಕೈಯನ್ನು ಕೊಟ್ಟರು.

ಮಾರ್ಚ್ ಮೂವತ್ತೊಂದರಂದು ಉಮೆಜು ಅವರಿಗೆ ಹೂಗುಚ್ಛ ಕೊಟ್ಟು, ಎಲ್ಲರೂ ಹಜಾರದಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಫುಸಾಎ ಹೊಸ ಕೋಟು ಹಾಕಿಕೊಂಡು ಬಂದಿದ್ದರು. ಉಮೆಜು ಹೂವನ್ನು ಹೆಂಡತಿಯ ಕೈಗೆ ಕೊಟ್ಟು ನೇರ ಯಂತ್ರದ ಬಳಿ ಹೋಗಿ ನಾಣ್ಯ ಹಾಕಿದರು. ಚಪ್ಪಾಳೆ ನಿಂತಿತು. ಕೊಕ್ಕೆ ನಡುಗುತ್ತ ಇಳಿಯಿತು, ನೀಲಿ ರಟ್ಟಿನ ಎರಡು ಮೂಲೆಗಳನ್ನೂ ಬೆನ್ನನ್ನೂ ಹಿಡಿಯಿತು. ಪುಸ್ತಕ ಮೇಲೆದ್ದಿತು. ಹೊಂಜೊ ಅವರ ಮುಖ ಬಿಳಿಚಿತು. ಮೇಲೆ ತಲುಪಿ ಕೊಕ್ಕೆ ಸಣ್ಣಗೆ ಕುಲುಕಿತು. ಪುಸ್ತಕ ದೊಪ್ಪನೆ ಬಿತ್ತು.

“ಅಯ್ಯೋ, ಇನ್ನೊಂಚೂರು!” ಎಂದು ಅಧ್ಯಕ್ಷರು, ಹೊಂಜೊ, ಹನ್ನೊಂದೂ ವಿಭಾಗಗಳ ಜನ ಒಂದೇ ದನಿಯಲ್ಲಿ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ಫುಸಾಎ. ಕೂಗಿ, ಹೂಗುಚ್ಛದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನಗುವೋ ಅಳುವೋ, ನಾನು ನೋಡಲು ಹೋಗಲಿಲ್ಲ.

ಅಂದಿನಿಂದ ಉಮೆಜು ದಂಪತಿಗಳು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಸಂಸ್ಥೆಯು ಅವರಿಗೆ ‘ಶಾಶ್ವತ ಗಿರಾಕಿ’ ಎಂಬ ಚೀಟಿ ಮಾಡಿಕೊಟ್ಟಿದೆ. ಸೋಮವಾರಗಳಂದು ಎದ್ದುನಿಂತು ಹೇಳುವ ಮಾತು ಮುಗಿದ ಕೂಡಲೇ ನೌಕರರು ಹಜಾರಕ್ಕೆ ಬಂದು ಅವರ ಆಟ ನೋಡುತ್ತಾರೆ, ಹೊಸಬರಿಗೆ ಅದು ತರಬೇತಿಯ ಭಾಗ. ಅಧ್ಯಕ್ಷರು ಹಾದುಹೋಗುವಾಗಲೆಲ್ಲ, “ಉಮೆಜು ಸಾನ್, ಬಹಳ ಹತ್ತಿರ ಇದೀರಿ!” ಎಂದು ಹುರಿದುಂಬಿಸುತ್ತಾರೆ. ಹಜಾರದಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕೂಗುತ್ತಾರೆ.

ನಿನ್ನೆ ಒಂದೇ ಬೆಳಿಗ್ಗೆಯಲ್ಲಿ ಅವರು ಏಳನೆಯ ಸಲ ಸೋತರು. ನಾನು ಓಡಿಹೋಗಿ, ಬಾಗಿ, ಕೀಲಿ ತಿರುಗಿಸಿ ಗಾಜು ತೆರೆದೆ. ಪುಸ್ತಕ ಕಿಂಡಿಯ ಅಂಚಿನಲ್ಲಿತ್ತು. ಒಂದು ಬೆರಳು ಸಾಕಿತ್ತು. ಹಜಾರದಲ್ಲಿ ನಾವು ಮೂವರೇ.

“ಉಮೆಜು ಸಾನ್, ತಳ್ಳಿಬಿಡ್ಲಾ?” ಎಂದು ಪಿಸುಗುಟ್ಟಿದೆ.

“ತಳ್ಳು ತಾಯಿ, ತಳ್ಳು” ಎಂದರು ಫುಸಾಎ. “ಒಂದ್ಸಲ ಓದಿ ಸಾಯ್ತೀನಿ.”

ಉಮೆಜು ಗಾಬರಿಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬೇಡ ಬೇಡ! ನೀನು ತಳ್ಳಿ ಬಿದ್ರೆ, ನನ್ನ ಕೊಕ್ಕೆಗೆ ಏನು ಮರ್ಯಾದೆ ಉಳಿಯುತ್ತೆ? ನೋಡು ಅದನ್ನ. ನಲವತ್ತು ವರ್ಷ ಆಯ್ತು, ಕೂದಲೆಳೆ ಆಚೀಚೆ ಆಗಿಲ್ಲ. ಎಲ್ಲಿ ಬಿಡ್ಬೇಕೋ ಅಲ್ಲೇ ಬಿಡ್ತಿದೆ.” ಅವರು ಗಾಜಿನೊಳಗಿನ ಕೊಕ್ಕೆಯನ್ನು ನೋಡುತ್ತಿದ್ದರು, ಪುಸ್ತಕವನ್ನಲ್ಲ. “ನಿಯಮ ಇದೆಯಲ್ಲ. ಒಂಚೂರು ಹತ್ತಿರ ಸರಿಸು, ಸಾಕು.”

ಫುಸಾಎ ಗಂಡನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಪರ್ಸು ತೆರೆದು, ಒಂದು ನಾಣ್ಯ ತೆಗೆದು ಅವರ ಅಂಗೈಗೆ ಹಾಕಿದರು.

ಪುಸ್ತಕ ಅಷ್ಟು ಅಂಚಿನಲ್ಲಿದ್ದುದರಿಂದ ಇನ್ನೂ ಹತ್ತಿರ ಸರಿಸಲು ಜಾಗವಿರಲಿಲ್ಲ. ನಾನು ಅದನ್ನು ಮೊದಲು ಮೂರು ಬೆರಳು ಹಿಂದಕ್ಕೆ ತಳ್ಳಿ, ಆಮೇಲೆ ಎರಡು ಬೆರಳು ಹತ್ತಿರ ಸರಿಸಿ, ಬಾಗಿ ನಮಸ್ಕರಿಸಿ, ಬಾಗಿಲಿಗೆ ಬೀಗ ಹಾಕಿದೆ.